ಒದ್ದೆ ಫೇರ್‌ವೇ ಮೇಲೆ ಕಾಲಿಡುವ ಮುನ್ನ

ತಮ್ಮಾ, ಇಂಗ್ಲೆಂಡಿಗೆ ಬಂದು ಗಾಲ್ಫ್ ಕ್ಲಬ್ ಸೇರಿದ ಮೇಲೆ ನಿನಗಿದು ಮೊದಲ ಚಳಿಗಾಲ. ಟ್ರಾಲಿ ತರಬೇಡಿ ಅಂತಾರೆ, ಫೇರ್‌ವೇಗೆ ಅಡ್ಡ ಹಗ್ಗ ಕಟ್ಟಿದ್ದಾರೆ, ಮಳೆ ನಿಂತ ಮಾರನೇ ದಿನವೂ ಕೋರ್ಸ್ ತೆರೆಯಲ್ಲ, ಇದಕ್ಕೇನಾ ವರ್ಷದ ಚಂದಾ ಪೂರ್ತಿ ಕಟ್ಟಿದ್ದು ಎಂದು ಮೊನ್ನೆ ಫೋನಿನಲ್ಲಿ ಬೇಸರ ಮಾಡಿಕೊಂಡೆ. ಬೇಸರವಾಗುವುದು ಸಹಜ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವನಿಗೆ ಶನಿವಾರದ ಬೆಳಗ್ಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೂ ಈ ದೇಶದ ನೆಲದ ಮೇಲೆ ಬಹಳ ವರ್ಷ ಆಡಿದವನಾಗಿ, ನಮ್ಮ ಕ್ಲಬ್ಬಿನ ಗ್ರೀನ್ ಕಮಿಟಿಯಲ್ಲಿ ಕೂತು ಕೆಸರಿನ ಪಂಚಾಯಿತಿಕೆ ಕೇಳಿದವನಾಗಿ, ನಿನಗೆ ನಾಲ್ಕು ಮಾತು ಹೇಳಬೇಕು. ಚಳಿಗಾಲದಲ್ಲಿ ಫೇರ್‌ವೇಯನ್ನು ಹಾಳು ಮಾಡುವುದು ಮಳೆಯಲ್ಲ. ಮಳೆ ನೆನೆಸಿಟ್ಟ ನೆಲದ ಮೇಲೆ ಓಡಾಡುವ ನಾವು. ಡಿಸೆಂಬರ್‌ನಲ್ಲಿ ನಾವು ಮಾಡಿದ ಗಾಯ ಏಪ್ರಿಲ್ ಕೊನೆಯವರೆಗೆ ಮಾಯುವುದಿಲ್ಲ.

ನೀನು ಬೆಂಗಳೂರಿನಲ್ಲಿ ಆಟ ಕಲಿತವನು. ಅಲ್ಲಿ ವರ್ಷಕ್ಕೆ ಸರಾಸರಿ 950 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಲಂಡನ್ನಿನಲ್ಲಿ ಸುಮಾರು 600. ಲೆಕ್ಕ ನೋಡಿದರೆ ಬೆಂಗಳೂರಿನ ಕೋರ್ಸ್‌ಗಳೇ ಹೆಚ್ಚು ದಿನ ಮುಚ್ಚಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಬಿಸಿಲು. ಸೆಪ್ಟೆಂಬರ್‌ನಲ್ಲಿ ಸಂಜೆ ಮಳೆ ಸುರಿದು ಹೋದರೆ ಮಾರನೇ ಮಧ್ಯಾಹ್ನಕ್ಕೆ ನೆಲ ಹದಕ್ಕೆ ಬಂದಿರುತ್ತದೆ. ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ನಡು ಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಹದಿನೈದು ಡಿಗ್ರಿಯಷ್ಟು ಮಾತ್ರ ಮೇಲೆ ಬಂದು, ಓಕ್ ಮರಗಳ ಹಿಂದೆ ಸುಳಿದು ಇಳಿದುಬಿಡುತ್ತಾನೆ. ಜೂನ್‌ನಲ್ಲಿ ಹುಲ್ಲು ಮತ್ತು ನೆಲ ಸೇರಿ ದಿನಕ್ಕೆ ಮೂರು ಮಿಲಿಮೀಟರಿನಷ್ಟು ನೀರನ್ನು ಗಾಳಿಗೆ ಬಿಟ್ಟರೆ, ಡಿಸೆಂಬರ್‌ನಲ್ಲಿ ಅರ್ಧ ಮಿಲಿಮೀಟರ್ ಹೋಗುವುದೂ ಕಷ್ಟ. ಅಂದರೆ ಬಿದ್ದ ನೀರಿಗೆ ಮೇಲಕ್ಕೆ ಹೋಗುವ ದಾರಿ ಇಲ್ಲ, ಕೆಳಕ್ಕೆ ಇಳಿಯುವುದೊಂದೇ ದಾರಿ. ಕೆಳಗೆ ಜೇಡಿಮಣ್ಣಿದ್ದರೆ ಆ ದಾರಿಯೂ ಬಹಳ ನಿಧಾನ. ಮೇಲಾಗಿ ಈಚಿನ ವರ್ಷಗಳಲ್ಲಿ ಮಳೆಯೂ ಹದ ತಪ್ಪಿದೆ. 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗಿನ ಹದಿನೆಂಟು ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಸುರಿದ ಮಳೆ ಸುಮಾರು 1,696 ಮಿಲಿಮೀಟರ್. 1836ರಿಂದ ಇಟ್ಟಿರುವ ದಾಖಲೆಯಲ್ಲಿ ಯಾವ ಹದಿನೆಂಟು ತಿಂಗಳಲ್ಲೂ ಅಷ್ಟು ಬಿದ್ದಿರಲಿಲ್ಲ. ಆ ಎರಡು ಚಳಿಗಾಲಗಳಲ್ಲಿ ತಗ್ಗಿನ ಜಾಗದ ಕ್ಲಬ್ಬುಗಳು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಹುಲ್ಲಿನ ವಿಚಾರ. ಬೆಂಗಳೂರಿನ ಫೇರ್‌ವೇಗಳಲ್ಲಿ ಇರುವ ಬರ್ಮುಡಾ ಹುಲ್ಲು ಬೇರೇನಲ್ಲ, ಚೌತಿಯ ದಿನ ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ನೆಲದ ಮೇಲೆ ಬಳ್ಳಿ ಹಾಯಿಸಿಕೊಂಡು, ನೆಲದೊಳಗೂ ಗೆಣ್ಣುಗೆಣ್ಣಿಗೆ ಬೇರಿಳಿಸಿಕೊಂಡು ಹೋಗುವ ಜಾತಿ. ಒಂದು ಕಡೆ ಕಿತ್ತರೆ ಪಕ್ಕದಿಂದ ಬಂದು ಮುಚ್ಚುತ್ತದೆ. ಆ ಭರವಸೆಯಲ್ಲೇ ನೀನು ಅಂಗೈ ಅಗಲದ ಡಿವಟ್, ಅಂದರೆ ಮಣ್ಣುಸಹಿತ ಹುಲ್ಲಿನ ತುಂಡು, ಎಬ್ಬಿಸಿ ಹೊಡೆಯಲು ಕಲಿತದ್ದು. ಇಲ್ಲಿನ ಫೇರ್‌ವೇಯಲ್ಲಿ ಹೆಚ್ಚಾಗಿ ಕಾಣುವ ರೈಗ್ರಾಸ್ ಬೆಳೆಯುವುದು ಗುಚ್ಛಗುಚ್ಛವಾಗಿ. ಗುಚ್ಛ ಕಿತ್ತುಹೋದ ಜಾಗ ಹಾಗೇ ಬೋಳಾಗಿ ಉಳಿಯುತ್ತದೆ. ಬೆಂಟ್, ಫೆಸ್ಕ್ಯೂ ಸ್ವಲ್ಪ ಹರಡುತ್ತವೆ ನಿಜ, ಅದೂ ಬೆಚ್ಚಗಿದ್ದಾಗ. ಮಣ್ಣಿನ ಉಷ್ಣತೆ ಆರು ಡಿಗ್ರಿಗಿಂತ ಕೆಳಗಿಳಿದರೆ ಇವೆಲ್ಲ ಹೆಚ್ಚುಕಡಿಮೆ ನಿದ್ದೆಗೆ ಜಾರುತ್ತವೆ. ಹಸಿರಾಗಿ ಕಾಣುತ್ತದೆ, ಬೆಳೆಯುವುದಿಲ್ಲ. ಹೊಸಬರು ಮೋಸ ಹೋಗುವುದೇ ಇಲ್ಲಿ. ಜನವರಿಯ ಫೇರ್‌ವೇ ನೋಡಲು ಅಚ್ಚ ಹಸಿರು, ಆದರೆ ಅದಕ್ಕೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿ ಆಗ ಇರುವುದಿಲ್ಲ.

ನೆಲದ ಒಳಗೆ ಏನಾಗುತ್ತದೆ ಅನ್ನುವುದನ್ನು ನಿನಗೆ ಗದ್ದೆಯಿಂದಲೇ ಹೇಳುತ್ತೇನೆ. ನಾಟಿಗೆ ಮುಂಚೆ ನಿಮ್ಮಜ್ಜ ಗದ್ದೆಗೆ ನೀರು ಕಟ್ಟಿ, ಎತ್ತು ಇಳಿಸಿ, ಉತ್ತು, ಹಲಗೆ ಹೊಡೆದು ಕೆಸರು ಮಾಡಿಸುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೀಯ. ಒದ್ದೆ ಮಣ್ಣನ್ನು ತುಳಿದು ತುಳಿದು ಅದರ ಕಾಳುಕಟ್ಟನ್ನು ಒಡೆದುಬಿಟ್ಟರೆ ರಂಧ್ರಗಳೆಲ್ಲ ಮುಚ್ಚಿ, ಅಡಿಯಲ್ಲಿ ಗಟ್ಟಿ ಪದರ ಕೂತು, ನೀರು ಇಂಗದೆ ನಿಲ್ಲುತ್ತದೆ. ಭತ್ತಕ್ಕೆ ಬೇಕಾದ್ದೂ ಅದೇ. ಒದ್ದೆ ಫೇರ್‌ವೇ ಮೇಲೆ ನೂರಾರು ಜನ ನಡೆದು, ಟ್ರಾಲಿ ಎಳೆದು, ಬಗ್ಗಿ ಗಾಡಿ ಓಡಿಸಿ ಮಾಡುವುದು ಇದೇ ಕೆಲಸವನ್ನು. ವ್ಯತ್ಯಾಸವೆಂದರೆ ಇಲ್ಲಿ ನಮಗೆ ನೀರು ಇಂಗಬೇಕು.

ಒಣಗಿದ ಮಣ್ಣು ಭಾರ ತಡೆಯುತ್ತದೆ, ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒದ್ದೆಯಾದಾಗ ನೀರೇ ಎಣ್ಣೆಯ ಹಾಗೆ ಕೆಲಸ ಮಾಡಿ ಕಣಗಳು ಜಾರಿ ಒತ್ತೊತ್ತಾಗಿ ಕೂರುತ್ತವೆ. ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳು. ಮಳೆನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿಯುವುದು ಆ ದೊಡ್ಡ ರಂಧ್ರಗಳ ಮೂಲಕ. ಬೇರಿಗೆ ಗಾಳಿ ಸಿಗುವುದೂ ಅಲ್ಲಿಂದಲೇ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಬೇರು ಉಸಿರು ಕಟ್ಟಿ ಸಾಯುವುದು ಅದಕ್ಕೆ.

ನಮ್ಮ ಹೆಡ್ ಗ್ರೀನ್‌ಕೀಪರ್ ಒಮ್ಮೆ ಕಮಿಟಿಯವರನ್ನೆಲ್ಲ ಒಂದು ಫೇರ್‌ವೇಗೆ ಕರೆದುಕೊಂಡು ಹೋದರು. ಬಂಕರ್ ಮತ್ತು ಗ್ರೀನ್ ನಡುವೆ ಎಲ್ಲರೂ ಹಾದುಹೋಗುವ ಕಿರಿದಾದ ಜಾಗದಿಂದ ಒಂದು ಮಣ್ಣಿನ ತುಂಡು ತೆಗೆದರು. ಅಲ್ಲಿಂದ ಐದಾರು ಹೆಜ್ಜೆ ಆಚೆ, ಯಾರೂ ತುಳಿಯದ ಕಡೆಯಿಂದ ಇನ್ನೊಂದು. ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟರು. ತುಳಿಯದ ಕಡೆಯದು ಕಂದು ಬಣ್ಣ, ಬೆರಳಲ್ಲಿ ಒತ್ತಿದರೆ ಸಣ್ಣ ಹರಳಾಗಿ ಉದುರುತ್ತಿತ್ತು, ಬಿಳಿ ಬೇರುಗಳು ಗೇಣಿನ ಅರ್ಧದಷ್ಟು ಇಳಿದಿದ್ದವು. ದಾರಿಯದು ಬೂದುಬಣ್ಣ, ಚಾಕುವಿನಲ್ಲಿ ಕೊಯ್ದರೆ ಸಾಬೂನಿನಂತೆ ನುಣುಪಾಗಿ ಕತ್ತರಿಸಿಬಂತು. ಬೇರು ಒಂದು ಅಂಗುಲಕ್ಕೇ ನಿಂತು ಅಡ್ಡಡ್ಡ ತಿರುಗಿತ್ತು. ಮೂಗಿನ ಹತ್ತಿರ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಎರಡಕ್ಕೂ ಒಂದೇ ಮಳೆ, ಒಂದೇ ಗೊಬ್ಬರ, ಒಂದೇ ಯಂತ್ರ. ನಮ್ಮ ಕಾಲು, ನಮ್ಮ ಚಕ್ರ ಇಷ್ಟೇ ಅಂತರ. ಅವತ್ತಿನಿಂದ ಟ್ರಾಲಿ ನಿಷೇಧದ ಬಗ್ಗೆ ಕಮಿಟಿಯಲ್ಲಿ ಯಾರೂ ವಾದ ಮಾಡಲಿಲ್ಲ.

ಹಾಗೆ ಒತ್ತಿಹೋದ ಜಾಗದಲ್ಲಿ ಒಳ್ಳೆಯ ಹುಲ್ಲು ಸತ್ತರೆ ಅದು ಬಹುಕಾಲ ಖಾಲಿ ಇರುವುದಿಲ್ಲ. ಪೋವಾ ಅನ್ನುವ ಹುಲ್ಲು ಬಂದು ಕೂರುತ್ತದೆ. ಬೇರು ಮೇಲೆಮೇಲೇ ಇಟ್ಟುಕೊಂಡು ಬದುಕುವ ಜಾತಿ ಅದು. ಬೇಸಿಗೆಯಲ್ಲಿ ಎರಡು ವಾರ ಮಳೆ ಹೋದರೆ ಮೊದಲು ಒಣಗುವುದೂ ಅದೇ. ಜುಲೈನಲ್ಲಿ ಫೇರ್‌ವೇ ತೇಪೆತೇಪೆಯಾಗಿದೆ, ಗ್ರೀನ್‌ಕೀಪರ್‌ಗಳು ಏನು ಮಾಡುತ್ತಿದ್ದಾರೆ ಎಂದು ಕ್ಲಬ್‌ಹೌಸಿನಲ್ಲಿ ಕೂತು ಕೇಳುವವರು ಆ ತೇಪೆಗೆ ಜನವರಿಯಲ್ಲಿ ತಾವೇ ಬುನಾದಿ ಹಾಕಿದ್ದನ್ನು ಮರೆತಿರುತ್ತಾರೆ.

ಟ್ರಾಲಿಯ ಬಗ್ಗೆ ನೀನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಬ್ಯಾಗು ಹೆಗಲಿಗೆ ಹಾಕಿಕೊಂಡರೆ ಆ ಭಾರ ನನ್ನ ಕಾಲಿನ ಮೂಲಕ ನೆಲಕ್ಕೇ ಹೋಗುತ್ತದಲ್ಲ, ಚಕ್ರದಲ್ಲಿ ಹೋದರೇನು ಎಂದೆ. ಒಂದು ಚದರ ಅಂಗುಲಕ್ಕೆ ಬೀಳುವ ಒತ್ತಡ ನೋಡಿದರೆ ಹಿಮ್ಮಡಿಯದೇ ಹೆಚ್ಚಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಹೆಜ್ಜೆ ಬಿಡಿಬಿಡಿಯಾಗಿ ಬೀಳುತ್ತದೆ, ನಡುವೆ ಉಸಿರಾಡುವ ನೆಲ ಉಳಿಯುತ್ತದೆ. ಚಕ್ರ ಬಿಡುವಿಲ್ಲದ ಗೆರೆ ಎಳೆಯುತ್ತದೆ. ಒದ್ದೆಯಲ್ಲಿ ಜಾರುತ್ತ, ಉಜ್ಜುತ್ತ ಮೇಲ್ಮೈಯನ್ನು ಗಾರೆ ಬಳಿದ ಹಾಗೆ ಮುಚ್ಚಿಕೊಂಡು ಹೋಗುತ್ತದೆ. ಬ್ಯಾಟರಿ ಟ್ರಾಲಿ, ತುಂಬಿದ ಬ್ಯಾಗು ಸೇರಿದರೆ ಇಪ್ಪತ್ತೈದು ಕಿಲೋ ಸುಲಭವಾಗಿ ದಾಟುತ್ತದೆ. ಹೊತ್ತು ನಡೆಯುವವನು ಅನಗತ್ಯವಾದದ್ದನ್ನೆಲ್ಲ ಮನೆಯಲ್ಲಿ ಬಿಟ್ಟು ಹತ್ತು ಕಿಲೋ ಒಳಗೆ ತರುತ್ತಾನೆ. ಇವೆರಡಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಟ್ರಾಲಿ ಎಳೆಯುವವನು ಏರು, ದಿಬ್ಬ, ಉದ್ದ ಹುಲ್ಲು ತಪ್ಪಿಸಿ ಸಮತಟ್ಟಾದ ತಗ್ಗನ್ನೇ ಹುಡುಕಿಕೊಂಡು ಹೋಗುತ್ತಾನೆ. ನೀರು ನಿಲ್ಲುವುದೂ ಅಲ್ಲೇ. ಎಲ್ಲರೂ ಆರಿಸುವುದು ಅದೇ ದಾರಿಯನ್ನು.

ಕೆಲವು ಕ್ಲಬ್ಬುಗಳು ಹೆಡ್ಜ್‌ಹಾಗ್ ಚಕ್ರ ಹಾಕಿದ ಟ್ರಾಲಿಗೆ ಒಪ್ಪುತ್ತವೆ. ಮುಳ್ಳುಮುಳ್ಳಾದ ಆ ಚಕ್ರ ಮಣ್ಣನ್ನು ಉಜ್ಜುವುದು ಕಡಿಮೆ, ಜಾರುವುದೂ ಕಡಿಮೆ. ನಿನ್ನ ಕ್ಲಬ್ ಒಪ್ಪಿದರೆ ಕೊಂಡುಕೋ. ಆದರೆ ಹೊರುವುದೊಂದೇ ದಾರಿ ಅಂದ ದಿನ ಆರೇಳು ಕೋಲಿನ ಸಣ್ಣ ಬ್ಯಾಗು ಹೊತ್ತುಕೊಂಡು ಹೋಗು. ಹದಿನಾಲ್ಕು ಕೋಲು ಇರಲೇಬೇಕೆಂದು ನಿಯಮದಲ್ಲಿಲ್ಲ, ಅದು ಮೇಲಿನ ಮಿತಿ ಮಾತ್ರ. ಏಳು ಕೋಲಿನಲ್ಲಿ ಆಡಿದರೆ ಅರ್ಧ ಹೊಡೆತ, ಮುಕ್ಕಾಲು ಹೊಡೆತ ತಾನಾಗಿ ಕೈಗೆ ಹತ್ತುತ್ತದೆ. ಬಗ್ಗಿಯ ಮಾತಂತೂ ಬೇಡ. ಇಬ್ಬರು ಕೂತರೆ ಅರ್ಧ ಟನ್ ದಾಟುವ ಗಾಡಿ ಅದು, ಚಳಿಗಾಲದ ಜೇಡಿಮಣ್ಣಿಗೆ ಇಳಿಸಬಾರದು. ಹಾಗಂತ ಮಂಡಿ ನೋವಿನ ಹಿರಿಯರೋ, ಹೃದಯದ ಚಿಕಿತ್ಸೆ ಆದವರೋ ವೈದ್ಯರ ಚೀಟಿ ತೋರಿಸಿ ಬಗ್ಗಿ ಪಡೆದರೆ ಅದನ್ನು ನೋಡಿ ಮುಖ ಸಿಂಡರಿಸಬೇಡ. ಈ ದೇಶದಲ್ಲಿ 2010ರ ಸಮಾನತೆ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಇರುವವರಿಗೆ ಕ್ಲಬ್ ತಕ್ಕ ಅನುಕೂಲ ಮಾಡಿಕೊಡಬೇಕು. ಅವರಿಗೆ ಆ ಅವಕಾಶ ಉಳಿಯಬೇಕಾದರೆ ಕಾಲು ಗಟ್ಟಿ ಇರುವ ನಾವು ನಡೆಯಬೇಕು.

ನಡೆಯುವುದಕ್ಕೂ ಒಂದು ರೀತಿಯಿದೆ. ಚೆಂಡು ಎಲ್ಲಿದೆಯೋ ಅಲ್ಲಿಗೆ ನೇರ ಗೆರೆ ಹಿಡಿಯುವುದು ನಮ್ಮ ಅಭ್ಯಾಸ. ಚಳಿಗಾಲದಲ್ಲಿ ಮೊದಲ ಹೊಡೆತದ ಜಾಗವಾದ ಟೀ ಬಿಟ್ಟ ಕೂಡಲೇ ಪಕ್ಕದ ರಫ್ ಸೇರಿಕೋ. ಅಲ್ಲಿ ಹುಲ್ಲು ಉದ್ದ, ಹಾಸು ದಪ್ಪ, ಕಾಲಿನ ಭಾರವನ್ನು ಅದು ಮೊದಲು ಹೊರುತ್ತದೆ. ಚೆಂಡಿನ ಮಟ್ಟಕ್ಕೆ ಬಂದ ಮೇಲೆ ಅಡ್ಡಲಾಗಿ ಫೇರ್‌ವೇಗೆ ಇಳಿ, ಹೊಡೆ, ಮತ್ತೆ ರಫ್‌ಗೆ ಹೋಗು. ಹಗ್ಗ, ಕಮಾನಿನ ಕಂಬಿ, ಬಿಳಿ ಗೆರೆ ಕಂಡರೆ ಅದರ ಆಚೆಯಿಂದ ಸುತ್ತಿಕೊಂಡು ಹೋಗು. ಹಗ್ಗದ ಜಾಗವನ್ನು ಗ್ರೀನ್‌ಕೀಪರ್‌ಗಳು ವಾರಕ್ಕೊಮ್ಮೆ ಬದಲಿಸುತ್ತಾರೆ, ತುಳಿತ ಒಂದೇ ಕಡೆ ಬೀಳದಿರಲಿ ಎಂದು. ಹಗ್ಗ ದಾಟಿ ಹೋದವರು ಉಳಿಸಿಕೊಳ್ಳುವುದು ಹತ್ತು ಸೆಕೆಂಡು. ನಾಲ್ವರು ಜೊತೆಯಲ್ಲಿ ಆಡುವಾಗ ಒಬ್ಬರ ಹಿಂದೆ ಒಬ್ಬರು ಸಾಲುಗಟ್ಟಬೇಡಿ, ಹರಡಿಕೊಂಡು ನಡೆಯಿರಿ. ಮಾತಾಡಬೇಕೆನಿಸಿದರೆ ಟೀ ಮೇಲೆ ಮಾತಾಡಿ.

ಈಗ ನಿನಗೆ ಬಹಳ ಇಷ್ಟವಾದ ಪ್ರಿಫರ್ಡ್ ಲೈ ವಿಚಾರ. ಫೇರ್‌ವೇ ಮಟ್ಟಕ್ಕೆ ಕತ್ತರಿಸಿದ ಹುಲ್ಲಿನಲ್ಲಿ ಬಿದ್ದ ಚೆಂಡನ್ನು ಎತ್ತಿ, ಒರೆಸಿ, ಕಮಿಟಿ ಹೇಳಿದ ಅಳತೆಯೊಳಗೆ, ಕುಳಿಗೆ ಹತ್ತಿರವಾಗದಂತೆ ಒಮ್ಮೆ ಇಡಬಹುದು. ಇದು ಸ್ಥಳೀಯ ನಿಯಮ. ಕಮಿಟಿ ಫಲಕ ಹಾಕಿದ್ದರೆ ಮಾತ್ರ ಉಂಟು, ಮಣ್ಣು ಮೆತ್ತಿದೆ ಎಂದು ನೀನೇ ಜಾರಿಗೆ ತರುವ ಹಾಗಿಲ್ಲ. ಹಲವರು ಇದನ್ನು ಫೇರ್‌ವೇ ಕಾಪಾಡುವ ನಿಯಮ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದು ಆಟಗಾರನಿಗೆ ನ್ಯಾಯ ಕೊಡುವ ನಿಯಮ. ಹುಲ್ಲಿನ ಕಡೆಯಿಂದ ನೋಡಿದರೆ ಸ್ವಲ್ಪ ಅನ್ಯಾಯವೇ. ಆರು ಅಂಗುಲ ಸಿಕ್ಕರೆ ನಾವು ಚೆಂಡನ್ನು ಎಲ್ಲಿ ಇಡುತ್ತೇವೆ? ಸುತ್ತ ಹುಡುಕಿ ಇರುವುದರಲ್ಲಿ ಒಳ್ಳೆಯ ಗುಚ್ಛದ ಮೇಲೆ. ಮುಂದಿನ ಹೊಡೆತಕ್ಕೆ ಅದೇ ಗುಚ್ಛ ಹಾರುತ್ತದೆ. ಹಿಂದೆ ಬಂದವನು ಉಳಿದದ್ದರಲ್ಲಿ ಒಳ್ಳೆಯದನ್ನು ಹುಡುಕುತ್ತಾನೆ. ಹೀಗೆ ಒಂದೊಂದಾಗಿ ಆರಿಸಿ ಆರಿಸಿ ಚಳಿಗಾಲ ಮುಗಿಯುವಷ್ಟರಲ್ಲಿ, ಎಲ್ಲರ ಚೆಂಡು ಬಂದು ನಿಲ್ಲುವ ಆ ಜಾಗ ಬೋಳಾಗಿರುತ್ತದೆ.

ಅದಕ್ಕೆ ಮದ್ದು ಮ್ಯಾಟ್. ಅಂಗೈ ಅಗಲದ, ಎರಡು ಗೇಣುದ್ದದ ಕೃತಕ ಹುಲ್ಲಿನ ತುಂಡು. ಬ್ಯಾಗಿಗೆ ಸಿಕ್ಕಿಸಿಕೊಂಡು ಹೋಗಿ, ಫೇರ್‌ವೇಯಲ್ಲಿ ಚೆಂಡು ಸಿಕ್ಕಾಗ ಅದರ ಮೇಲಿಟ್ಟು ಹೊಡೆಯುವುದು. ಹೊಸಬರಿಗೆ ಇದು ಅವಮಾನದಂತೆ ಕಾಣುತ್ತದೆ, ಪ್ರಾಕ್ಟೀಸ್ ರೇಂಜಿನಲ್ಲಿ ನಿಂತ ಹಾಗಾಗುತ್ತದೆ ಎನ್ನುತ್ತಾರೆ. ಸೇಂಟ್ ಆ್ಯಂಡ್ರೂಸ್‌ನ ಓಲ್ಡ್ ಕೋರ್ಸ್, 2022ರಲ್ಲಿ 150ನೇ ಓಪನ್ ನಡೆದ ಜಾಗ, ಅಲ್ಲೇ ನವೆಂಬರ್‌ನಿಂದ ಮಾರ್ಚ್‌ವರೆಗೆ ಫೇರ್‌ವೇಯಲ್ಲಿ ಮ್ಯಾಟ್ ಮೇಲಿಂದ ಆಡಬೇಕು. ಗಮನಿಸು, ಅದು ಕಡಲ ದಂಡೆಯ ಮರಳು ನೆಲ, ನೀರು ನಿಲ್ಲುವುದು ಬಹಳ ಕಡಿಮೆ. ಕೆಸರಿನ ಭಯಕ್ಕಲ್ಲ, ಡಿವಟ್ ಮಾಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಅಷ್ಟು ಎಚ್ಚರ ವಹಿಸುತ್ತಾರೆ. ಭಾನುವಾರ ಆ ಕೋರ್ಸಿನಲ್ಲಿ ಸಾಮಾನ್ಯವಾಗಿ ಆಟವೇ ಇಲ್ಲ, ಊರಿನವರು ನಾಯಿ ಕರೆದುಕೊಂಡು ತಿರುಗಾಡುತ್ತಾರೆ. 1864ರಿಂದ 1903ರವರೆಗೆ ಅಲ್ಲಿನ ಗ್ರೀನ್‌ಗಳನ್ನು ನೋಡಿಕೊಂಡ ಓಲ್ಡ್ ಟಾಮ್ ಮಾರಿಸ್ ಕಾಲದಿಂದಲೂ ನೆಲಕ್ಕೆ ವಿಶ್ರಾಂತಿ ಬೇಕು ಅನ್ನುವುದು ಅಲ್ಲಿ ತಿಳಿದ ಮಾತು. ಗಾಲ್ಫಿನ ತವರೇ ಹೀಗೆ ನಡೆದುಕೊಳ್ಳುವಾಗ ನಮ್ಮ ಜೇಡಿಮಣ್ಣಿನ ಕ್ಲಬ್ಬಿನಲ್ಲಿ ಮ್ಯಾಟ್ ಹಿಡಿಯಲು ನಾಚಿಕೆ ಯಾಕೆ? ಕೆಲವು ಕ್ಲಬ್ಬುಗಳಲ್ಲಿ ಮ್ಯಾಟ್ ಬದಲು ಚೆಂಡನ್ನು ಪಕ್ಕದ ಸೆಮಿ ರಫ್‌ಗೆ ತೆಗೆದುಕೊಂಡು ಹೋಗಿ ಆಡಲು ಹೇಳುತ್ತಾರೆ. ಅದೂ ಒಳ್ಳೆಯದೇ. ನನ್ನನ್ನು ಕೇಳಿದರೆ ಚಳಿಗಾಲದಲ್ಲಿ ಇವೆರಡರಲ್ಲಿ ಒಂದನ್ನು ಕಡ್ಡಾಯ ಮಾಡಿ, ಪ್ರಿಫರ್ಡ್ ಲೈಯನ್ನು ತೀರ ಕೆಸರಿದ್ದ ದಿನಕ್ಕೆ ಇಟ್ಟುಕೊಳ್ಳಬೇಕು.

ಮ್ಯಾಟ್ ಇಲ್ಲದ ದಿನ ಹೊಡೆತದಲ್ಲೇ ಸ್ವಲ್ಪ ಕರುಣೆ ಇರಲಿ. ಚೆಂಡು ನಿನ್ನ ನಿಲುವಿನಲ್ಲಿ ತುಸು ಹಿಂದೆ ಬರುವಂತೆ ನಿಂತು, ಒಂದು ನಂಬರ್ ದೊಡ್ಡ ಕೋಲು ತೆಗೆದುಕೊಂಡು, ಮುಕ್ಕಾಲು ಬೀಸಿನಲ್ಲಿ ಚೆಂಡನ್ನು ಮೊದಲು ಮುಟ್ಟುವ ಹಾಗೆ ಹೊಡೆ. ಒದ್ದೆ ನೆಲದಲ್ಲಿ ವೆಜ್ ಅಗೆದರೆ ಚೆಂಡೂ ಹೋಗುವುದಿಲ್ಲ, ಮುಖಕ್ಕೆ ಕೆಸರು ಬೇರೆ. ಪ್ರಾಕ್ಟೀಸ್ ಸ್ವಿಂಗ್‌ನಲ್ಲಿ ಹುಲ್ಲು ತಾಗಿಸಲೇಬೇಡ, ಅದು ಯಾವ ಲೆಕ್ಕಕ್ಕೂ ಬರದ ಗಾಯ. ಡಿವಟ್ ಎದ್ದರೆ ಎತ್ತಿಕೊಂಡು ಬಂದು, ಬೇರಿನ ಕಡೆ ಕೆಳಗಾಗಿ ಕೂರಿಸಿ, ಕಾಲಿನಲ್ಲಿ ಹಗುರವಾಗಿ ಅದುಮು. ಬೇಸಿಗೆಯಲ್ಲಿ ಕೊಡುವ ಬೀಜ ಬೆರೆಸಿದ ಮರಳನ್ನು ಜನವರಿಯಲ್ಲಿ ಸುರಿದು ಪ್ರಯೋಜನ ಕಡಿಮೆ, ಆ ಚಳಿಗೆ ಬೀಜ ಮೊಳೆಯುವುದಿಲ್ಲ. ತೇವ ಇರುವುದರಿಂದ ಹಳೆಯ ತುಂಡೇ ಮತ್ತೆ ಹಿಡಿದುಕೊಳ್ಳುವ ಸಾಧ್ಯತೆ ಹೆಚ್ಚು. ಚೆನ್ನಾಗಿ ಅದುಮದಿದ್ದರೆ ಕಾಗೆಗಳು ಅದರಡಿಯ ಹುಳಕ್ಕಾಗಿ ಕೆದಕಿ ಎಸೆಯುತ್ತವೆ.

ನೀರಲ್ಲಿ ಬಿದ್ದ ಚೆಂಡಿನ ಬಗ್ಗೆಯೂ ತಿಳಿದಿರು. ನೀನು ನಿಂತಾಗ ಷೂ ಸುತ್ತ ನೀರು ಕಂಡರೆ ಅದು ತಾತ್ಕಾಲಿಕ ನೀರು, ದಂಡವಿಲ್ಲದೆ ಪರಿಹಾರ ಉಂಟು. ಸಹಜವಾಗಿ ನಿಂತಾಗ ಕಾಣಬೇಕು, ಕಾಲಿನಿಂದ ಒತ್ತಿ ಒತ್ತಿ ಹಿಂಡಿ ತೋರಿಸಿದರೆ ಆಗದು. ಬರೀ ಮೆತ್ತಗಿರುವ ಕೆಸರು ಲೆಕ್ಕಕ್ಕಿಲ್ಲ. ಚೆಂಡು ತನ್ನದೇ ಕುಳಿಯಲ್ಲಿ ಹೂತಿದ್ದರೆ ಅದಕ್ಕೂ ಪರಿಹಾರ ಉಂಟು, 2019ರಿಂದ ರಫ್‌ನಲ್ಲೂ. ಇಂಥ ಪರಿಹಾರ ತೆಗೆದುಕೊಳ್ಳಲು ಸಂಕೋಚ ಬೇಡ. ನೀರು ನಿಂತ ಕಡೆ ನಾಲ್ಕು ಸಲ ಹೊಸಕಿ ನಿಂತು ಹೊಡೆಯುವುದಕ್ಕಿಂತ ಆಚೆ ಹೋಗುವುದು ನೆಲಕ್ಕೂ ಒಳಿತು.

ಮಂಜು ಹೆಪ್ಪುಗಟ್ಟಿದ ಬೆಳಗ್ಗೆ ಗ್ರೀನ್ ಮೇಲೆ ಕಾಲಿಡಬಾರದು ಅಂತ ಎಲ್ಲರಿಗೂ ಗೊತ್ತು. ಫೇರ್‌ವೇಗೂ ಅದೇ ಮಾತು ಅನ್ವಯಿಸುತ್ತದೆ. ಎಲೆಯೊಳಗಿನ ನೀರು ಹರಳಾಗಿರುವಾಗ ತುಳಿದರೆ ಜೀವಕೋಶ ಸೀಳಿ, ಎರಡು ದಿನದಲ್ಲಿ ಹೆಜ್ಜೆಹೆಜ್ಜೆಗೂ ಕಪ್ಪು ಅಚ್ಚು ಮೂಡುತ್ತದೆ. ಇದಕ್ಕಿಂತ ಅಪಾಯಕಾರಿ ಹಿಮ ಕರಗುವ ಹೊತ್ತು. ಮೇಲಿನ ಒಂದು ಅಂಗುಲ ಕರಗಿ ಮೆತ್ತಗಾಗಿರುತ್ತದೆ, ಕೆಳಗೆ ಇನ್ನೂ ಕಲ್ಲು. ಕಾಲಿಟ್ಟರೆ ಮೇಲಿನ ಪದರ ಜಾರಿ ಬೇರು ನಡುವೆಯೇ ಹರಿಯುತ್ತದೆ. ಬಿಸಿಲು ಬಂತಲ್ಲ, ಇನ್ನೂ ಯಾಕೆ ತೆರೆಯಲಿಲ್ಲ ಎಂದು ನೀನು ಕೇಳಿದ್ದು ಬಹುಶಃ ಅಂಥ ಒಂದು ಬೆಳಗ್ಗೆಯೇ.

ಎರೆಹುಳುವಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅದರ ಮೇಲೆ ಬೈಗುಳ ಬಹಳ. ಬೆಚ್ಚಗಿನ ಒದ್ದೆ ಚಳಿಗಾಲದಲ್ಲಿ ಫೇರ್‌ವೇ ತುಂಬ ಅದರ ಹಿಕ್ಕೆಯ ಸಣ್ಣ ಸಣ್ಣ ಗುಪ್ಪೆ ಏಳುತ್ತದೆ. ಚೆಂಡಿಗೆ ಮೆತ್ತುತ್ತದೆ, ನಡೆದರೆ ಹರಡುತ್ತದೆ, ಚಕ್ರಕ್ಕೆ ಸಿಕ್ಕರೆ ಹುಲ್ಲಿನ ಮೇಲೆ ಮಣ್ಣಿನ ಮುಚ್ಚಳವಾಗುತ್ತದೆ. ಅದರಡಿ ಹುಲ್ಲು ಬೆಳಕಿಲ್ಲದೆ ಸತ್ತು, ಬೋಳಾದಲ್ಲಿ ಕಳೆ ಹುಟ್ಟುತ್ತದೆ. ಹಿಂದೆ ಕ್ಲೋರ್ಡೇನ್ ಎಂಬ ವಿಷ ಹೊಡೆದು ಹುಳುಗಳನ್ನೇ ತೆಗೆಯುತ್ತಿದ್ದರು. 1992ರಲ್ಲಿ ಈ ದೇಶದಲ್ಲಿ ಅದಕ್ಕೆ ನಿಷೇಧ ಬಂತು. ಆಮೇಲೆ ಬಂದ ಕಾರ್ಬೆಂಡಜಿಮ್ ಕೂಡ ಈಗಿಲ್ಲ. ಹೋದದ್ದು ಒಳ್ಳೆಯದೇ ಆಯಿತು ಅಂತ ನನ್ನ ಗಟ್ಟಿ ನಂಬಿಕೆ. ನಾವು ಒತ್ತಿ ಮುಚ್ಚಿದ ಮಣ್ಣಿನಲ್ಲಿ ಮತ್ತೆ ಬಿಲ ಕೊರೆದು ನೀರಿಗೆ ದಾರಿ ಮಾಡಿಕೊಡುವ ಜೀವಿ ಅದು. ಕೂಲಿ ಕೇಳದೆ ಬಸಿಗಾಲುವೆ ತೋಡುವವರನ್ನು ಕೊಂದು, ಆಮೇಲೆ ಲಕ್ಷಗಟ್ಟಲೆ ಕೊಟ್ಟು ಯಂತ್ರ ತರಿಸುವುದು ಬುದ್ಧಿವಂತಿಕೆಯಲ್ಲ. ಹಿಕ್ಕೆ ಒಣಗಿದಾಗ ಗ್ರೀನ್‌ಕೀಪರ್‌ಗಳು ಬ್ರಷ್ ಎಳೆದು ಪುಡಿ ಮಾಡಿ ಹರಡುತ್ತಾರೆ. ಹುಲ್ಲು ಕತ್ತರಿಸಿದ್ದನ್ನು ಎತ್ತಿ ಒಯ್ದರೆ ಹುಳುವಿಗೆ ಆಹಾರ ಕಡಿಮೆಯಾಗುತ್ತದೆ, ಮೇಲೆ ಮರಳು ಹಾಕಿದರೆ ಅದಕ್ಕೆ ಅಷ್ಟು ಹಿಡಿಸದು. ಆದರೆ ಹಿಕ್ಕೆ ಒಣಗಲು ಸಮಯ ಬೇಕು. ಒದ್ದೆ ಇರುವಾಗ ನಾವು ಅದರ ಮೇಲೆ ಓಡಾಡದಿರುವುದೇ ನಾವು ಮಾಡಬಹುದಾದ ಸಹಾಯ.

ಗ್ರೀನ್‌ಕೀಪರ್‌ಗಳ ಬಗ್ಗೆ ಒಂದು ಮಾತು. ನೀನು ಏಳುವ ಮೊದಲೇ, ಕತ್ತಲಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಅವರು ತಗ್ಗಿನ ಹೋಲ್‌ಗಳನ್ನೆಲ್ಲ ಸುತ್ತಿ ಬಂದಿರುತ್ತಾರೆ. ಹಿಮ್ಮಡಿ ಊರಿ ತಿರುಗಿಸಿ ನೋಡುತ್ತಾರೆ. ನೀರು ಚಿಮ್ಮಿ ಹೊರಬಂದರೆ, ಹೆಜ್ಜೆ ತೆಗೆದ ಮೇಲೂ ಗುಳಿ ಮೇಲೇಳದಿದ್ದರೆ ಮುಚ್ಚುತ್ತಾರೆ. ಆ ತೀರ್ಮಾನ ಅವರಿಗೂ ಸಂತೋಷದ್ದಲ್ಲ. ಬಾರಿನ ವ್ಯಾಪಾರ ಹೋಗುತ್ತದೆ, ಅತಿಥಿಗಳ ಹಣ ಹೋಗುತ್ತದೆ, ಬೈಗುಳ ಬೇರೆ. ಕಮಿಟಿಯ ಒತ್ತಡಕ್ಕೆ ಮಣಿದು ಹತ್ತು ಗಂಟೆಗೆ ತೆರೆದುಬಿಡುವ ಕ್ಲಬ್ಬುಗಳುಂಟು. ಅದೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಮುಚ್ಚಿದ ಮೂರು ದಿನ ಮರೆತುಹೋಗುತ್ತದೆ. ತೆರೆಯಬಾರದ ಒಂದು ಶನಿವಾರ ತೆರೆದದ್ದರ ಗುರುತು ಬೇಸಿಗೆಯವರೆಗೂ ಇರುತ್ತದೆ. ಮೊಬೈಲಿಗೆ ಕೋರ್ಸ್ ಬಂದ್ ಎಂಬ ಸಂದೇಶ ಬಂದಾಗ ಉತ್ತರವಾಗಿ ಒಂದು ಧನ್ಯವಾದ ಕಳಿಸಿ ನೋಡು. ಅವರಿಗೆ ಅದು ಸಿಗುವುದು ಬಹಳ ಅಪರೂಪ.

ಚಂದಾ ಹಣದ ಪ್ರಶ್ನೆಗೆ ಬರುತ್ತೇನೆ. ಆ ಹಣದಲ್ಲಿ ಏನಾಗಬೇಕು ಎಂದು ಕೇಳುವ ಹಕ್ಕು ನಿನಗಿದೆ, ಅದನ್ನು ವಾರ್ಷಿಕ ಸಭೆಯಲ್ಲಿ ಬಳಸು. ಕ್ಲಬ್‌ಹೌಸಿಗೆ ಹೊಸ ಕಾರ್ಪೆಟ್ ಬೇಕೋ, ತಗ್ಗಿನ ಫೇರ್‌ವೇಗಳಿಗೆ ಡ್ರೈನ್ ಬೇಕೋ ಎಂಬ ಚರ್ಚೆ ಪ್ರತಿ ಕ್ಲಬ್ಬಿನಲ್ಲೂ ಬರುತ್ತದೆ. ಡ್ರೈನ್ ಪರವಾಗಿ ಕೈ ಎತ್ತು. ನೆಲದಡಿ ಹೋಗುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅದರ ಪರವಾಗಿ ಮಾತಾಡುವವರು ಕಡಿಮೆ. ಆದರೆ ಎಲ್ಲಕ್ಕೂ ಮುಂಚೆ ಹಳೆಯ ಕಾಲುವೆಗಳ ಹೂಳು ತೆಗೆಸಬೇಕು. ನೀರು ಕೊನೆಗೆ ಹೋಗಿ ಬೀಳುವ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಪೈಪು ಹಾಕಿದರೂ ವ್ಯರ್ಥ. ಆಮೇಲೆ ಜಲ್ಲಿ ತುಂಬಿದ ಪೈಪು, ಅದರ ಮೇಲೆ ಅಡ್ಡಡ್ಡ ಕೊರೆದ ಮರಳಿನ ಸೀಳು. ಜೊತೆಗೆ ನೆಲ ಹದವಾಗಿರುವಾಗ ವರ್ಟಿ ಡ್ರೈನ್ ಯಂತ್ರದಿಂದ ಆಳಕ್ಕೆ ಚುಚ್ಚಿಸುವುದು. ತೀರ ಒದ್ದೆಯಲ್ಲಿ ಆ ಯಂತ್ರ ಇಳಿಸಿದರೆ ಅದರ ಟ್ರ್ಯಾಕ್ಟರೇ ಹೆಚ್ಚು ಹಾನಿ ಮಾಡುತ್ತದೆ. ವರ್ಷವರ್ಷ ಫೇರ್‌ವೇಗೆ ಮರಳು ಹಾಕಿಸುವುದು ದುಬಾರಿ, ಫಲ ಕಾಣಲು ಹಲವು ವರ್ಷ ಬೇಕು, ಆದರೂ ಜೇಡಿಮಣ್ಣಿನ ಕೋರ್ಸಿಗೆ ಅದಕ್ಕಿಂತ ಶಾಶ್ವತ ಉಪಾಯ ನಾನು ಕಂಡಿಲ್ಲ. ತಗ್ಗಿನ ಫೇರ್‌ವೇಗೆ ನೆರಳು ಕಟ್ಟುವ ಮರಗಳನ್ನು ಸವರಬೇಕೆಂದು ಗ್ರೀನ್‌ಕೀಪರ್ ಕೇಳಿದಾಗಲೂ ವಿರೋಧಿಸಬೇಡ. ಗಾಳಿ, ಬೆಳಕು ಬೀಳುವ ಹೋಲ್ ಎರಡು ದಿನ ಮೊದಲೇ ಆಟಕ್ಕೆ ಸಿದ್ಧವಾಗುತ್ತದೆ.

ಅಷ್ಟಾಗಿಯೂ ಆಡಲೇಬೇಕೆನಿಸಿದರೆ ದಾರಿಗಳಿವೆ. ಸರ್ರೆಯ ಹೀತ್‌ಲ್ಯಾಂಡ್ ಕೋರ್ಸ್‌ಗಳು, ಕಡಲ ದಂಡೆಯ ಲಿಂಕ್ಸ್ ಕೋರ್ಸ್‌ಗಳು ಮರಳಿನ ಮೇಲಿವೆ. ನಮ್ಮಲ್ಲಿ ಬಾತುಕೋಳಿ ಈಜುವ ದಿನವೂ ಅಲ್ಲಿ ಚೆಂಡು ಉರುಳುತ್ತದೆ. ಹಲವು ಕ್ಲಬ್ಬುಗಳ ನಡುವೆ ಸದಸ್ಯರಿಗೆ ಕಡಿಮೆ ದರದಲ್ಲಿ ಆಡುವ ಒಪ್ಪಂದ ಇರುತ್ತದೆ, ಕಾರ್ಯದರ್ಶಿಯವರನ್ನು ಕೇಳು. ಇಲ್ಲವೇ ರೇಂಜಿಗೆ ಹೋಗಿ ಪುಟ್ಟ ಚಿಪ್ ಅಭ್ಯಾಸ ಮಾಡು, ನಿನಗೆ ಅದು ಬೇಕು.

ಕೊನೆಯದಾಗಿ ಮಾರ್ಚ್ ತಿಂಗಳ ವಿಷಯ. ಮೊದಲ ಬಿಸಿಲು ಬಿದ್ದ ವಾರ ಎಲ್ಲರೂ ಟ್ರಾಲಿ ಬಿಡಿ, ಬಗ್ಗಿ ಬಿಡಿ, ಮ್ಯಾಟ್ ತೆಗೆಯಿರಿ ಎಂದು ಕಾರ್ಯದರ್ಶಿಯ ಬಾಗಿಲು ಬಡಿಯುತ್ತಾರೆ. ಮೇಲ್ಮೈ ಒಣಗಿದಂತೆ ಕಾಣುವುದು ನಿಜ, ನಾಲ್ಕು ಅಂಗುಲ ಕೆಳಗೆ ಮಣ್ಣು ಇನ್ನೂ ಕಲಸಿದ ಹಿಟ್ಟಿನ ಹಾಗಿರುತ್ತದೆ, ಹುಲ್ಲು ಆಗಷ್ಟೇ ಹೊಸ ಬೇರು ಬಿಡಲು ಶುರು ಮಾಡಿರುತ್ತದೆ. ಚಳಿಗಾಲವೆಲ್ಲ ಕಾಪಾಡಿದ್ದನ್ನು ಆ ಎರಡು ವಾರದಲ್ಲಿ ಕಳೆದುಕೊಂಡ ಕ್ಲಬ್ಬುಗಳು ಬಹಳ. ಆ ಗುಂಪಿನಲ್ಲಿ ನೀನು ಸೇರಬೇಡ. ನಿನ್ನ ಜೊತೆ ಆಡುವ ಇಬ್ಬರು ಮೂವರಿಗೆ ಈಗಲೇ ಹೇಳಿಡು, ಹೆಡ್ ಗ್ರೀನ್‌ಕೀಪರ್ ಸರಿ ಅನ್ನುವವರೆಗೆ ಬ್ಯಾಗು ಹೊತ್ತುಕೊಂಡೇ ಬನ್ನಿ ಎಂದು.